ವಿಸ್ಯಾಟ್ ಪದಗಳು: ಒಂದು ಎಟಿಎಂ ಸಂಕೇತದ ಬೆನ್ನು ಹತ್ತಿ

ಸಣ್ಣ ಡಿಶ್ ಮೂಲಕ ಉಪಗ್ರಹದೊಡನೆ ಮಾತನಾಡುವ ನೆಲದ ಕೇಂದ್ರವೇ ವಿಸ್ಯಾಟ್. ಪುಸ್ತಕದ ಕೊನೆಯ ಪದಪಟ್ಟಿಯನ್ನು ಉರುಹೊಡೆದರೆ ಅದು ಅರ್ಥವಾಗುವುದಿಲ್ಲ. ಅಲ್ಲಿನ ಪ್ರತಿ ಪದಕ್ಕೂ ಸಂಕೇತ ಸಾಗುವ ದಾರಿಯಲ್ಲಿ ಒಂದು ಜಾಗವಿದೆ. ಆದ್ದರಿಂದ ಆ ದಾರಿಯನ್ನೇ ಹಿಡಿಯೋಣ. ಆಗುಂಬೆಯಲ್ಲೊಂದು ಎಟಿಎಂ ಇದೆ, ಅದರ ತಾರಸಿಯ ಮೇಲೆ 1.2 ಮೀಟರ್ ಅಗಲದ ಡಿಶ್ ಇದೆ ಎಂದಿಟ್ಟುಕೊಳ್ಳಿ. ಗುರಿ ಜಿಸ್ಯಾಟ್-30. 2020ರ ಜನವರಿ 17ರಂದು ಫ್ರೆಂಚ್ ಗಯಾನಾದಿಂದ ಏರಿಯಾನ್-5 ರಾಕೆಟ್‌ನಲ್ಲಿ ಹೋದ ಈ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸಂಕೇತವನ್ನು ಪಡೆದು ಮತ್ತೆ ನೆಲಕ್ಕೆ ಕಳಿಸುವ ಟ್ರಾನ್ಸ್‌ಪಾಂಡರ್‌ಗಳನ್ನು ಸಿ ಬ್ಯಾಂಡ್ ಎಂಬ ಆವರ್ತನ ಪಟ್ಟಿಯಲ್ಲಿ 12, ಅದಕ್ಕಿಂತ ಮೇಲಿನ ಕೆಯು ಬ್ಯಾಂಡ್‌ನಲ್ಲಿ 12 ಹೊತ್ತಿದೆ. ನಮ್ಮ ಎಟಿಎಂ ಬಳಸುವುದು ಕೆಯು ಬ್ಯಾಂಡನ್ನು.

ಡಿಶ್ ತಿರುಗಿಸಲು ಎರಡು ಕೋನ ಬೇಕು. ಉತ್ತರದಿಂದ ಪ್ರದಕ್ಷಿಣವಾಗಿ ಅಳೆಯುವುದು ಅಜಿಮತ್. ಆಗುಂಬೆಗೆ ಲೆಕ್ಕ ಹಾಕಿದರೆ ಸುಮಾರು 149 ಡಿಗ್ರಿ. ನೆಲಮಟ್ಟದಿಂದ ಮೇಲಕ್ಕೆ ಅಳೆಯುವುದು ಎಲಿವೇಶನ್; ಇಲ್ಲಿ ಸುಮಾರು 72 ಡಿಗ್ರಿ. ಡಿಶ್ ಅಷ್ಟು ಮೇಲೆ ನೋಡುತ್ತಿಲ್ಲವಲ್ಲ ಎನಿಸಿದರೆ ಗಾಬರಿ ಬೇಡ. ಸಂಕೇತ ಹಿಡಿಯುವ ಕೊಂಬನ್ನು (ಫೀಡ್) ನಡುವಿನಿಂದ ಸರಿಸಿ ಇಟ್ಟ ಆಫ್‌ಸೆಟ್ ಡಿಶ್‌ಗಳ ಮುಖ ನಿಜವಾದ ದಿಕ್ಕಿಗಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಕೆಳಗೆ ಬಾಗಿರುವುದು ಸಾಮಾನ್ಯ.

ಒಳಗಿರುವ ಮೋಡೆಮ್‌ಗೆ ಐಡಿಯು ಎಂದೂ ತಾರಸಿಯ ಮೇಲಿನ ಸಾಧನಗಳಿಗೆ ಒಡಿಯು ಎಂದೂ ಹೆಸರು. ಇವೆರಡನ್ನು ಕೂಡಿಸುವ ಕೋಆಕ್ಸಿಯಲ್ ಕೇಬಲ್ ಐಎಫ್‌ಎಲ್. 14 ಗಿಗಾಹರ್ಟ್ಸ್ ಸಂಕೇತವನ್ನು ಮೋಡೆಮ್‌ನಲ್ಲೇ ಹುಟ್ಟಿಸಿದರೆ ಅದು ತಾರಸಿ ತಲುಪುವಷ್ಟರಲ್ಲಿ ಕೇಬಲ್‌ನಲ್ಲೇ ಸೊರಗುತ್ತದೆ. ಹಾಗಾಗಿ ಮೋಡೆಮ್ 950ರಿಂದ 1450 ಮೆಗಾಹರ್ಟ್ಸ್‌ನ ಎಲ್ ಬ್ಯಾಂಡ್‌ನಲ್ಲಿ ಕಳಿಸುತ್ತದೆ, ಡಿಶ್ ಬಳಿಯ ಬಿಯುಸಿ ಅದನ್ನು 14ರಿಂದ 14.5 ಗಿಗಾಹರ್ಟ್ಸ್‌ಗೆ ಏರಿಸಿ ಬಲ ತುಂಬುತ್ತದೆ. ಎಲ್‌ಎನ್‌ಬಿ ಮಾಡುವುದು ಇದರ ತಿರುವುಮುರುವು: 11-12 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಇಳಿದುಬಂದ ಕ್ಷೀಣ ಸಂಕೇತವನ್ನು ವರ್ಧಿಸಿ ಎಲ್ ಬ್ಯಾಂಡ್‌ಗೆ ಇಳಿಸುವುದು. ಒಂದೇ ಫೀಡ್‌ನಲ್ಲಿ ಹೋಗುವುದನ್ನೂ ಬರುವುದನ್ನೂ ಧ್ರುವೀಕರಣದ (ಅಲೆ ಕಂಪಿಸುವ ದಿಕ್ಕಿನ) ಮೇಲೆ ಬೇರ್ಪಡಿಸುವ ಲೋಹದ ತುಂಡು ಒಎಂಟಿ.

ಇನ್ನು ಡೆಸಿಬೆಲ್. ಇದನ್ನು ಹಾರಿಸಿ ಮುಂದೆ ಹೋದವರು ಮುಂದಿನ ಎಲ್ಲ ಅಧ್ಯಾಯಗಳಲ್ಲೂ ಎಡವುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ಕೂರೋಣ. ಗುಣಾಕಾರವನ್ನು ಸಂಕಲನವಾಗಿಸುವ ಉಪಾಯವಿದು: 3 ಡೆಸಿಬೆಲ್ ಎಂದರೆ ಎರಡು ಪಟ್ಟು, 10 ಎಂದರೆ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು. ನಮ್ಮ ಬಿಯುಸಿ 2 ವ್ಯಾಟ್‌ನದು, ಒಂದು ವ್ಯಾಟ್‌ಗೆ ಹೋಲಿಸಿದರೆ 3 ಡೆಸಿಬೆಲ್, ಅಂದರೆ 3 ಡಿಬಿಡಬ್ಲ್ಯು. 1.2 ಮೀಟರ್ ಡಿಶ್ 14 ಗಿಗಾಹರ್ಟ್ಸ್‌ನಲ್ಲಿ ಕೊಡುವ ಗೇನ್, ಅಂದರೆ ಒಂದೇ ದಿಕ್ಕಿಗೆ ಒಟ್ಟುಗೂಡಿಸಿದ್ದರ ಲಾಭ, ಸುಮಾರು 43 ಡೆಸಿಬೆಲ್. ಕೂಡಿಸಿದರೆ 46 ಡಿಬಿಡಬ್ಲ್ಯು, ಇದೇ ಇಐಆರ್‌ಪಿ. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾದಿಂದ ಇದೇ ಬಲ ಪಡೆಯಲು 40,000 ವ್ಯಾಟ್ ಬೇಕಾಗುತ್ತಿತ್ತು. ಡಿಶ್ ಹೊಸದಾಗಿ ಶಕ್ತಿಯನ್ನೇನೂ ಹುಟ್ಟಿಸಿಲ್ಲ, ಇದ್ದುದನ್ನು ಒಂದೂವರೆ ಡಿಗ್ರಿಯೊಳಗಿನ ಕಿರಿದಾದ ಕಿರಣಕ್ಕೆ ಒಟ್ಟುಗೂಡಿಸಿದೆ. ಸುಮಾರು 36,000 ಕಿಲೋಮೀಟರ್ ದಾರಿಯಲ್ಲಿ ಹರಡಿ ಸೊರಗುವ ನಷ್ಟ, ಅಂದರೆ ಪಾತ್ ಲಾಸ್, 207 ಡೆಸಿಬೆಲ್. ಕಳೆದರೆ ಉಳಿಯುವುದು ಮೈನಸ್ 161. ಉಪಗ್ರಹದ ಆಂಟೆನಾ ಗೇನ್ ಸೇರುವುದು ಇದಾದ ಮೇಲೆ. ಹೀಗೆ ಜಮಾ-ಖರ್ಚು ಬರೆಯುತ್ತ ಹೋಗುವುದೇ ಲಿಂಕ್ ಬಜೆಟ್.

ಸ್ವೀಕರಿಸುವ ಕಡೆ ಬಲವೊಂದೇ ಸಾಲದು, ಗದ್ದಲವೂ ಕಡಿಮೆ ಇರಬೇಕು. ಆಂಟೆನಾ ಗೇನ್‌ನಿಂದ ವ್ಯವಸ್ಥೆಯ ಗದ್ದಲದ ತಾಪಮಾನವನ್ನು (ಗದ್ದಲವನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ) ಡೆಸಿಬೆಲ್ ಲೆಕ್ಕದಲ್ಲಿ ಕಳೆದರೆ ಸಿಗುವುದು ಜಿ ಬೈ ಟಿ. ತಾಪಮಾನ 120 ಕೆಲ್ವಿನ್ ಆದರೆ ನಮ್ಮ ಡಿಶ್‌ಗೆ ಇದು ಸುಮಾರು 21. ಆಗುಂಬೆಯ ಮಳೆ ಕಾಟ ಕೊಡುವುದು ಇಲ್ಲಿಯೇ. ಕೆಯು ಬ್ಯಾಂಡ್ ಅಲೆಗಳನ್ನು ಮಳೆಹನಿಗಳು ಹೀರುತ್ತವೆ. ಇದು ರೇನ್ ಫೇಡ್ ಎಂದು ಎಲ್ಲರಿಗೂ ಗೊತ್ತು. ಆದರೆ ಹೀರುವ ಮಳೆ ತಾನೂ ಗದ್ದಲ ಸೂಸುತ್ತದೆ. ತಣ್ಣನೆಯ ಆಕಾಶವನ್ನು ನೋಡುತ್ತಿದ್ದ ಡಿಶ್‌ಗೆ ಈಗ ಬೆಚ್ಚನೆಯ ನೀರಿನ ಪರದೆ ಎದುರಾಗಿದೆ. ಹಾಗಾಗಿ ಇಳಿದುಬರುವ ಸಂಕೇತಕ್ಕೆ ಎರಡು ಏಟು: ಬಲ ಕುಗ್ಗಿತು, ಗದ್ದಲ ಹೆಚ್ಚಿತು. ಏರುವ ಸಂಕೇತಕ್ಕೆ ಮೊದಲನೆಯ ಏಟು ಮಾತ್ರ, ಏಕೆಂದರೆ ಉಪಗ್ರಹ ನೋಡುತ್ತಿರುವುದು ಮೊದಲಿನಿಂದಲೂ ಬೆಚ್ಚಗಿರುವ ಭೂಮಿಯನ್ನು.

ಮಳೆಗೆ ಮೋಡೆಮ್ ಕೊಡುವ ಉತ್ತರ ಎಸಿಎಂ, ಅಂದರೆ ಆಕಾಶದ ಸ್ಥಿತಿಗೆ ತಕ್ಕಂತೆ ಸಂಕೇತದ ರೂಪ ಬದಲಿಸುವುದು. ಡಿವಿಬಿ-ಎಸ್2 ಎಂಬ ಉಪಗ್ರಹ ಪ್ರಸಾರ ಮಾನದಂಡದಲ್ಲಿ ಆಕಾಶ ತಿಳಿಯಾಗಿದ್ದಾಗ ಹೆಚ್ಚು ಬಿಟ್ ಹೊರುವ 16ಎಪಿಎಸ್‌ಕೆ, ಕೆಟ್ಟಾಗ ಕಡಿಮೆ ಬಿಟ್ ಹೊರುವ ಗಟ್ಟಿ ರೂಪ ಕ್ಯೂಪಿಎಸ್‌ಕೆ: ವೇಗ ತಗ್ಗುತ್ತದೆ, ಸಂಪರ್ಕ ಉಳಿಯುತ್ತದೆ. ಮಳೆಯೇ ಇಲ್ಲದ ಮಾರ್ಚ್ ಮಧ್ಯದಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಕೆಲವು ದಿನ, ಕೆಲವೇ ನಿಮಿಷ ಸಂಪರ್ಕ ಹೋದರೆ ಉಪಕರಣವನ್ನು ಬೈಯಬೇಡಿ. ಉಪಗ್ರಹದ ಬೆನ್ನಿಗೇ ಸೂರ್ಯ ಬಂದಿರುತ್ತಾನೆ. ಅದು ಸನ್ ಔಟೇಜ್.

ಕೊನೆಯ ಕಂತು ನೆಟ್‌ವರ್ಕ್. ಎಟಿಎಂನ ಸಂಕೇತ ಉಪಗ್ರಹದಿಂದ ದೊಡ್ಡ ಡಿಶ್ ಇರುವ ಕೇಂದ್ರ ನಿಲ್ದಾಣವಾದ ಹಬ್‌ಗೆ ಇಳಿಯುತ್ತದೆ. ಎಲ್ಲ ತಾಣಗಳೂ ಹಬ್ ಮೂಲಕವೇ ಸಾಗುವ ಈ ಜೋಡಣೆ ಸ್ಟಾರ್ ಟೋಪಾಲಜಿ. ಹಬ್‌ನಿಂದ ಎಲ್ಲರಿಗೂ ಹೋಗುವ ವಾಹಕ (ದತ್ತಾಂಶ ಹೊರುವ ಅಲೆ) ಔಟ್‌ರೂಟ್, ತಾಣಗಳಿಂದ ಹಬ್‌ಗೆ ಬರುವುದು ಇನ್‌ರೂಟ್. ಇನ್‌ರೂಟ್‌ನಲ್ಲಿ ನೂರಾರು ತಾಣಗಳು ಸರದಿಯಂತೆ ಸಮಯದ ತುಣುಕು ಹಂಚಿಕೊಂಡರೆ ಟಿಡಿಎಂಎ. ಒಂದೇ ತಾಣಕ್ಕೆ ಇಡೀ ವಾಹಕ ಮೀಸಲಾದರೆ ಎಸ್‌ಸಿಪಿಸಿ. ಹತ್ತು ಸೆಕೆಂಡಿಗೊಮ್ಮೆ ನಾಲ್ಕು ಸಾಲು ಕಳಿಸುವ ಎಟಿಎಂಗೆ ಎಸ್‌ಸಿಪಿಸಿ ಕೊಡುವುದು ಶುದ್ಧ ದುಂದು.

ಉಪಗ್ರಹದ ಮೂಲಕ ಹಬ್‌ಗೆ ಹೋಗಿಬರುವ ದಾರಿಗೆ ಬೆಳಕಿನ ವೇಗದಲ್ಲೂ ಸುಮಾರು 480 ಮಿಲಿಸೆಕೆಂಡ್ ಬೇಕು. ಸರದಿ ಕಾಯುವುದೂ ಸೇರಿ ಪಿಂಗ್ (ಉತ್ತರ ಮರಳಲು ಹಿಡಿಯುವ ಸಮಯ) 550 ದಾಟುತ್ತದೆ. ಇಂಟರ್ನೆಟ್‌ನ ದತ್ತಾಂಶ ಸಾಗಣೆಯ ನಿಯಮವಾದ ಟಿಸಿಪಿಯ ಹಳೆಯ ರೂಪ ಒಮ್ಮೆಗೆ 65,535 ಬೈಟ್ ಕಳಿಸಿ ಸ್ವೀಕೃತಿಗೆ ಕಾಯುತ್ತದೆ. 550 ಮಿಲಿಸೆಕೆಂಡಿಗೊಮ್ಮೆ ಅಷ್ಟೇ ಎಂದರೆ, ಸಂಪರ್ಕ 10 ಮೆಗಾಬಿಟ್‌ನದಾದರೂ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ದಾಟುವುದಿಲ್ಲ. ಇದಕ್ಕೆ ಮದ್ದು ಪಿಇಪಿ: ಆಚೆಯಿಂದ ಬರಬೇಕಾದ ಸ್ವೀಕೃತಿಯನ್ನು ಮೋಡೆಮ್ ಈಚೆಯೇ ಕೊಟ್ಟುಬಿಡುತ್ತದೆ. ಆದರೆ ದತ್ತಾಂಶವನ್ನು ಗೂಢಲಿಪಿಗೆ ಬದಲಿಸುವ ಐಪಿಸೆಕ್ ಸುರಂಗದೊಳಗೆ ಟಿಸಿಪಿ ತಲೆಬರಹ ಮುಚ್ಚಿಹೋಗುವುದರಿಂದ ಈ ಉಪಾಯ ನಡೆಯುವುದಿಲ್ಲ. ಗೂಢಲಿಪಿ ಬೇಕಾದ ಬ್ಯಾಂಕ್ ಜಾಲಗಳಲ್ಲಿ ವೇಗವರ್ಧನೆ ಮೊದಲು, ಎನ್‌ಕ್ರಿಪ್ಶನ್ ಆಮೇಲೆ ಎಂಬ ಕ್ರಮದಲ್ಲೇ ಪೆಟ್ಟಿಗೆಗಳನ್ನು ಜೋಡಿಸಬೇಕು.