ದಿವಾನಜಿಯ ಗೂಡು, ಪೈಥಾನಿನ ಸೆಟ್

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿ. ಅವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವನು ನಾನು. ನನ್ನ ಆಫೀಸು ಇರೋದು ಹುಬ್ಬಳ್ಳಿಯಲ್ಲಿ. ಡಿಸೆಂಬರಿನಲ್ಲಿ ಕೊಟ್ಟು ಬಂದಾಗ ಎಲ್ಲ ಚೆನ್ನಾಗಿತ್ತು. ಮಾರ್ಚಿನಲ್ಲಿ ಫೋನ್ ಬಂತು: ಸಂಜೆ ರಿಪೋರ್ಟ್ ಬಟನ್ ಒತ್ತಿದರೆ ಸ್ಕ್ರೀನ್ ಸುಮ್ನೆ ನಿಂತುಬಿಡುತ್ತದೆ.

ಒಂದು ಗುರುವಾರ ಹೋದೆ. ಸೋಮವಾರ, ಗುರುವಾರ ಅಲ್ಲಿ ಪೇಟೆ ಜೋರು. ರೈಲು ಇಳಿದು ಪೇಟೆಗೆ ಕಾಲಿಡುವಷ್ಟರಲ್ಲೇ ಘಾಟಿಗೆ ಕೆಮ್ಮು ಶುರುವಾಗಿತ್ತು. ಅಂಗಡಿಯಲ್ಲಿ ಕೂತು ಬಟನ್ ಒತ್ತಿದೆ. ರೈತರ ಮಾಲಿನ ಯಾವ ಯಾವ ಚೀಟಿಗೆ ಇನ್ನೂ ಹಣ ಕೊಟ್ಟಿಲ್ಲ ಅನ್ನೋದು ಬರಬೇಕು. ಎಂಬತ್ತು ಸೆಕೆಂಡು ಹಿಡಿಯಿತು. ಅಷ್ಟರೊಳಗೆ ರೋಣದ ಕಡೆಯ ರೈತರೊಬ್ಬರು ಬಂದು ತಮ್ಮ ಚೀಟಿ ಕೇಳಿದರು. ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಹಿಂದಿನ ಗೋಡೆಯ ಮರದ ಗೂಡಿಗೆ ಕೈಹಾಕಿ ಚೀಟಿ ತೆಗೆದೇಬಿಟ್ಟರು.

‘ಸರ, ನಿಮ್ಮ ಮಷಿನ್ ಇನ್ನೂ ಹುಡುಕಾಕತ್ತೈತೇನ್ರಿ? ಚೀಟಿ ಇಲ್ಲೇ ಐತಿ ನೋಡ್ರಿ.’

ತಪ್ಪು ಕಂಪ್ಯೂಟರಿನದಲ್ಲ, ನನ್ನದು. ಹಣ ಕೊಟ್ಟ ಚೀಟಿಗಳ ನಂಬರುಗಳನ್ನೆಲ್ಲ ನಾನು ಒಂದು ಲಿಸ್ಟಿನಲ್ಲಿ ಹಾಕಿದ್ದೆ. ಆಮೇಲೆ ಪ್ರತಿ ಚೀಟಿ ತೆಗೆದುಕೊಂಡು, ಇದು ಆ ಲಿಸ್ಟಿನಲ್ಲಿ ಇದೆಯಾ ಅಂತ ಕೇಳುತ್ತಿದ್ದೆ. ಪೈಥಾನಿನಲ್ಲಿ ಹಾಗೆ ಕೇಳೋದಕ್ಕೆ ‘ಇನ್’ ಎಂಬ ಎರಡಕ್ಷರದ ಮಾತು ಸಾಕು. ಬರೆಯೋದಕ್ಕೆ ಸುಲಭ, ಅದರ ಹಿಂದಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಲಿಸ್ಟ್ ಆದರೆ ಪೈಥಾನ್ ಮೊದಲನೆಯದರಿಂದ ಒಂದೊಂದೇ ನೋಡುತ್ತಾ ಹೋಗುತ್ತದೆ, ಸಿಗುವವರೆಗೆ.

ಡಿಸೆಂಬರಿನಲ್ಲಿ ಚೀಟಿ ಸುಮಾರು 2 ಸಾವಿರ. ಒಂದೊಂದಕ್ಕೆ ಸರಾಸರಿ ಅರ್ಧ ಲಿಸ್ಟ್ ನೋಡಿದರೂ ಒಟ್ಟು 20 ಲಕ್ಷ ಹೋಲಿಕೆ. ಅಂಗಡಿಯ ಹಳೇ ಕಂಪ್ಯೂಟರಿಗೂ ಅದು ಲೆಕ್ಕಕ್ಕಿಲ್ಲ. ಮಾರ್ಚಿಗೆ ಚೀಟಿ 40 ಸಾವಿರ ದಾಟಿತ್ತು. ಈಗ 80 ಕೋಟಿ ಹೋಲಿಕೆ. ಚೀಟಿ ಹೆಚ್ಚಿದ್ದು 20 ಪಟ್ಟು, ಕೆಲಸ ಹೆಚ್ಚಿದ್ದು 400 ಪಟ್ಟು. ಸುಗ್ಗಿಗೆ ಮೊದಲು ಪರೀಕ್ಷೆ ಮಾಡಿದರೆ ಹೀಗೇ ಆಗೋದು.

ದಿವಾನಜಿ ಮಾಡುತ್ತಿದ್ದುದು ಬೇರೆ. ಅವರ ಕಪಾಟಿನಲ್ಲಿ ಊರಿಗೊಂದು ಗೂಡು: ಶಿಗ್ಗಾವಿ, ಸವಣೂರು, ಅಣ್ಣಿಗೇರಿ, ಕುಂದಗೋಳ, ರೋಣ. ಊರು ಕೇಳಿದ ಕೂಡಲೇ ಕೈ ನೇರವಾಗಿ ಆ ಗೂಡಿಗೆ ಹೋಗುತ್ತದೆ. ಉಳಿದ ಗೂಡುಗಳಲ್ಲಿ ಎಷ್ಟು ಚೀಟಿ ಇದ್ದರೂ ಅವರಿಗೇನು? ಪೈಥಾನಿನಲ್ಲಿ ಲಿಸ್ಟಿನಂತೆಯೇ ಹಲವನ್ನು ಒಟ್ಟಿಗೆ ಇಡುವ ಸೆಟ್, ಡಿಕ್ಟ್ ಎಂಬ ಡಬ್ಬಿಗಳಿವೆ. ಅವು ಮಾಡೋದೂ ಇದನ್ನೇ. ಕೊಟ್ಟ ಹೆಸರನ್ನೋ ನಂಬರನ್ನೋ ಕಲಸಿ ಒಂದು ಸಂಖ್ಯೆ ಮಾಡುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಯಾವ ಗೂಡು ಅಂತ ಆ ಸಂಖ್ಯೆಯೇ ಹೇಳುತ್ತದೆ.

ಒಂದು ವ್ಯತ್ಯಾಸ ಇದೆ. ದಿವಾನಜಿ ಒಂದೇ ಗೂಡಿನಲ್ಲಿ ನೂರು ಚೀಟಿ ತುರುಕುತ್ತಾರೆ. ಪೈಥಾನ್ ಒಂದು ಗೂಡಿಗೆ ಒಂದನ್ನೇ ಇಡುತ್ತದೆ. ಆ ಗೂಡು ಮೊದಲೇ ತುಂಬಿದ್ದರೆ ಇನ್ನೊಂದು ನೋಡುತ್ತದೆ. ಅದಕ್ಕೇ ಯಾವಾಗಲೂ ಒಂದಷ್ಟು ಗೂಡು ಖಾಲಿ ಇಟ್ಟುಕೊಂಡಿರುತ್ತದೆ. ತುಂಬುತ್ತಾ ಬಂದರೆ ದೊಡ್ಡ ಕಪಾಟು ತಂದು ಎಲ್ಲವನ್ನೂ ಅದಕ್ಕೆ ಸಾಗಿಸುತ್ತದೆ. ಹೀಗಾಗಿ ಸೆಟ್ಟಿಗೆ ಲಿಸ್ಟಿಗಿಂತ ಮೆಮೊರಿ ಜಾಸ್ತಿ ಬೇಕು. 40 ಸಾವಿರ ಚೀಟಿಗೆ ಅದರ ಚಿಂತೆ ಬೇಡ.

ನಮ್ಮಲ್ಲಿಗೆ ಕೆಲಸ ಕಲಿಯಲು ಬರುವ ಹುಡುಗರು ಒಂದು ಎರರ್ ನೋಡಿ ಗಾಬರಿಯಾಗುತ್ತಾರೆ: ‘ಅನ್‌ಹ್ಯಾಶೆಬಲ್ ಟೈಪ್: ಲಿಸ್ಟ್’. ಲಿಸ್ಟನ್ನು ಸೆಟ್ಟಿನೊಳಗೆ ಹಾಕಲು ಹೋದಾಗ ಬರುವುದು. ಗೂಡು ನೆನಪಿಟ್ಟುಕೊಂಡರೆ ಕಾರಣ ತಾನೇ ತಿಳಿಯುತ್ತದೆ. ಸವಣೂರು ಗೂಡಿಗೆ ಹಾಕಿದ ಚೀಟಿಯ ಮೇಲೆ ಆಮೇಲೆ ಯಾರೋ ಊರಿನ ಹೆಸರು ತಿದ್ದಿ ಶಿಗ್ಗಾವಿ ಅಂತ ಬರೆದರು ಅಂದುಕೊಳ್ಳಿ. ದಿವಾನಜಿ ಶಿಗ್ಗಾವಿ ಗೂಡಿನಲ್ಲಿ ಹುಡುಕುತ್ತಾರೆ, ಚೀಟಿ ಸವಣೂರಿನಲ್ಲಿ ಕೂತಿರುತ್ತದೆ. ಲಿಸ್ಟನ್ನು ಯಾವಾಗ ಬೇಕಾದರೂ ತಿದ್ದಬಹುದು, ಅದಕ್ಕೇ ಒಳಗೆ ಬಿಡುವುದಿಲ್ಲ. ಲಿಸ್ಟಿನಂತೆಯೇ ಇದ್ದು ತಿದ್ದಲು ಬಾರದ ಟಪಲ್ ನಡೆಯುತ್ತದೆ. ಆದರೆ ಆ ಟಪಲಿನೊಳಗೆ ಮತ್ತೆ ಲಿಸ್ಟ್ ಅಡಗಿಸಿಟ್ಟರೆ ಅದೇ ಎರರ್.

ರಿಪೇರಿಗೆ ಬರೋಣ. ಹುರುಪಿನಲ್ಲಿ ಎರಡನ್ನೂ ಸೆಟ್ ಮಾಡಿ, ಎಲ್ಲ ಚೀಟಿಗಳಿಂದ ಹಣ ಕೊಟ್ಟವನ್ನು ಕಳೆದುಬಿಟ್ಟೆ. ಪೈಥಾನಿನಲ್ಲಿ ಎರಡು ಸೆಟ್ಟುಗಳ ನಡುವೆ ಮೈನಸ್ ಚಿಹ್ನೆ ಹಾಕಿದರೆ ಆಯಿತು. ಬಟನ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಉತ್ತರ. ಖುಷಿಯಾಗಿ ಊರಿಗೆ ಬಂದೆ. ಮರುದಿನ ಬೆಳಿಗ್ಗೆಯೇ ದಿವಾನಜಿಯ ಫೋನು.

‘ನಿನ್ನೆ ಮ್ಯಾಲಿದ್ದ ಚೀಟಿ ಇವತ್ತ ಕೆಳಗ ಹೋಗೇತ್ರಿ. ಟಿಕ್ ಎಲ್ಲಿ ಹಾಕ್ಲಿರಿ?’

ಸೆಟ್ಟಿಗೆ ಸಾಲು ಅನ್ನೋದು ಗೊತ್ತಿಲ್ಲ. ಚೀಟಿ ನಂಬರಿನಲ್ಲಿ ಅಕ್ಷರವೂ ಇದ್ದುದರಿಂದ ಅದು ಪೈಥಾನಿಗೆ ಬರೀ ಪಠ್ಯ. 3.3 ಆವೃತ್ತಿಯಿಂದ ಈಚೆಗೆ ಪಠ್ಯದ ಹ್ಯಾಶ್ ಪ್ರೋಗ್ರಾಂ ಶುರುವಾದಾಗಲೆಲ್ಲ ಬದಲಾಗುತ್ತದೆ, ಅದರೊಂದಿಗೆ ಗೂಡೂ ಸಾಲೂ ಬದಲು. ಬೇಕೆಂದೇ ಒಂದೇ ಗೂಡಿಗೆ ಬೀಳುವ ಹೆಸರುಗಳನ್ನು ಕಳಿಸಿ ಸರ್ವರ್ ಉಸಿರುಗಟ್ಟಿಸುವವರನ್ನು ತಡೆಯಲು ಮಾಡಿದ ಏರ್ಪಾಟು ಅದು. ಬ್ಯಾಡಗಿಯಲ್ಲಿ ಅದರ ಪೆಟ್ಟು ತಿಂದದ್ದು ದಿವಾನಜಿಯ ಪೆನ್ನು.

ಕೊನೆಗೆ ಎರಡನ್ನೂ ಜೊತೆಗೆ ಇಟ್ಟೆ. ಎಲ್ಲ ಚೀಟಿಗಳು ಬಂದ ಸಾಲಿನಲ್ಲೇ ಲಿಸ್ಟಿನಲ್ಲಿ. ಹಣ ಕೊಟ್ಟವು ಸೆಟ್ಟಿನಲ್ಲಿ. ಲಿಸ್ಟಿನ ಉದ್ದಕ್ಕೂ ಒಮ್ಮೆ ನಡೆಯೋದು, ಒಂದೊಂದಕ್ಕೂ ಸೆಟ್ಟನ್ನು ಕೇಳೋದು. 80 ಕೋಟಿಯ ಜಾಗದಲ್ಲಿ 40 ಸಾವಿರ ಪ್ರಶ್ನೆ, ಸಾಲೂ ಕೆಡಲಿಲ್ಲ. ಯಾವ ಡಬ್ಬಿ ಬೇಕು ಅಂತ ಹುಡುಗರು ಕೇಳಿದಾಗ ನಾನು ಈಗ ತಿರುಗಿ ಒಂದನ್ನೇ ಕೇಳುತ್ತೇನೆ: ಅದರೊಳಗೆ ಏನು ಹಾಕ್ತೀಯ ಅನ್ನೋದು ಇರಲಿ, ದಿನಾ ಅದನ್ನು ಏನಂತ ಕೇಳ್ತೀಯ?

ಡಿಕ್ಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಗೂಡಿನಲ್ಲಿ ಹೆಸರಿನ ಜೊತೆ ಒಂದು ಬೆಲೆಯೂ ಇರುತ್ತದೆ, ಅಷ್ಟೇ. ಹಾಕಿದ ಸಾಲನ್ನೂ ಕಾಯುತ್ತದೆ. 2018ರಲ್ಲಿ ಬಂದ 3.7 ಆವೃತ್ತಿಯಿಂದ ಇದು ಭಾಷೆಯೇ ಕೊಟ್ಟ ಮಾತು. ಎಣಿಸೋದಕ್ಕೆ ಕೌಂಟರ್ ಇದೆ: ಇವತ್ತು ಡಬ್ಬಿ ಎಷ್ಟು ಚೀಲ, ಕಡ್ಡಿ ಎಷ್ಟು, ಗುಂಟೂರು ಎಷ್ಟು. (ಇಲ್ಲಿ ಡಬ್ಬಿ ಅಂದರೆ ಮೆಣಸಿನಕಾಯಿ ತಳಿ, ಮೇಲೆ ಹೇಳಿದ ಡಬ್ಬಿಯಲ್ಲ.) ಡಿಫಾಲ್ಟ್‌ಡಿಕ್ಟ್ ಮಾತ್ರ ಸ್ವಲ್ಪ ಹುಷಾರಾಗಿ ಬಳಸಬೇಕು. ಇಲ್ಲದ ಊರಿನ ಹೆಸರನ್ನು ಚೌಕ ಕಂಸದಲ್ಲಿ ಹಾಕಿ ಸುಮ್ನೆ ಕೇಳಿದರೂ ಸಾಕು, ಆ ಊರಿಗೆ ಹೊಸ ಗೂಡು ಮಾಡಿಬಿಡುತ್ತದೆ. ಒಂದೇ ಒಂದು ಚೀಲ ಬಾರದ ಊರುಗಳು ಸೊನ್ನೆ ಹೊತ್ತು ರಿಪೋರ್ಟಿನಲ್ಲಿ ಕೂತದ್ದನ್ನು ನೋಡಿದ್ದೇನೆ. ಕೇಳೋದಷ್ಟೇ ಕೆಲಸ ಆಗಿದ್ದರೆ ‘ಗೆಟ್’ ಬಳಸಿ.

ತೂಕದ ಕಾಟಾದ ಮುಂದಿನ ಟ್ರ್ಯಾಕ್ಟರ್ ಸಾಲಿಗೆ ಡೆಕ್. ಲಿಸ್ಟಿನ ಮೊದಲನೆಯದನ್ನು ತೆಗೆದರೆ ಉಳಿದವೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯಬೇಕು. ಡೆಕ್ಕಿನಲ್ಲಿ ಎರಡೂ ತುದಿ ತೆರೆದಿರುತ್ತವೆ, ಯಾರೂ ಸರಿಯಬೇಕಿಲ್ಲ. ಆದರೆ ಉದ್ದನೆಯ ಸಾಲಿನ ನಡುವಿನದನ್ನು ನಂಬರ್ ಹಿಡಿದು ಕೇಳಿದರೆ ಅದು ನಿಧಾನ.

ಇಷ್ಟೆಲ್ಲ ಆದಮೇಲೂ ಒಂದು ತಕರಾರು ಉಳಿದಿತ್ತು. ಊರುವಾರು ಲೆಕ್ಕದಲ್ಲಿ ಕುಂದಗೋಳ ಎರಡು ಸಲ ಬರುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಒಂದಕ್ಷರ ವ್ಯತ್ಯಾಸವಿಲ್ಲ. ಅಕ್ಷರಗಳನ್ನು ಬಿಡಿಸಿ ಸಂಕೇತ ನೋಡಿದೆ. ‘ಗೋ’ದ ಓತ್ವ ಯುನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಕೇತಗಳ ಪಟ್ಟಿ) ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗಿಯೂ ಇರಬಹುದು. ಅಂಗಡಿಯಲ್ಲಿ ಟೈಪ್ ಮಾಡಿದ್ದು ಒಂದು ಥರ, ಹಳೇ ಫಾಂಟಿನಿಂದ ಬದಲಿಸಿ ತಂದ ಪಟ್ಟಿಯಲ್ಲಿದ್ದದ್ದು ಇನ್ನೊಂದು ಥರ. ಸಂಕೇತ ಬೇರೆಯಾದರೆ ಪೈಥಾನಿಗೆ ಹೆಸರೇ ಬೇರೆ, ಗೂಡೂ ಬೇರೆ. ಎರಡೂ ಥರವನ್ನು ಒಂದೇ ಥರಕ್ಕೆ ತರುವ ಮದ್ದು ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ: ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್. ಹೆಸರನ್ನು ಗೂಡಿಗೆ ಹಾಕುವ ಮುಂಚೆ ಒಮ್ಮೆ, ಹುಡುಕುವ ಮುಂಚೆ ಒಮ್ಮೆ ಅದರ ಕೈಯಿಂದ ದಾಟಿಸಬೇಕು. ಕನ್ನಡ ಹೆಸರುಗಳನ್ನು ಡಿಕ್ಟಿಗೆ ಹಾಕುವವರು ಇದನ್ನು ಮರೆಯಬೇಡಿ.

ಸರಿಪಡಿಸುವ ಮೊದಲು ದಿವಾನಜಿಗೆ ಸ್ಕ್ರೀನಿನ ಎರಡು ಕುಂದಗೋಳ ತೋರಿಸಿದ್ದೆ. ಕನ್ನಡಕ ಏರಿಸಿಕೊಂಡು ನೋಡಿದರು. ಆಮೇಲೆ ತಿರುಗಿ ಕಪಾಟು ನೋಡಿದರು.

‘ನಮ್ಮಲ್ಲಿ ಒಂದ ಐತ್ರಿ.’