ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿಯೋ, ಖಾಸಗಿಯೋ?

ಪ್ರಶ್ನೆ: ನಮ್ಮಕ್ಕ ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಮಗ ಓದುವುದು ಪಬ್ಲಿಕ್ ಸ್ಕೂಲಿನಲ್ಲಿ, ಫೀಸೇ ಇಲ್ಲವಂತೆ. ಲಂಡನ್ನಿನಲ್ಲಿರುವ ತಮ್ಮನನ್ನು ಕೇಳಿದರೆ, "ಪಬ್ಲಿಕ್ ಸ್ಕೂಲಾ? ಅದು ನಮ್ಮ ಕೈಗೆ ಎಟುಕಲ್ಲ" ಅನ್ನುತ್ತಾನೆ. ಹೆಸರು ಒಂದೇ, ಹೀಗೇಕೆ?

ಉತ್ತರ: ಇಬ್ಬರು ಹೇಳಿದ್ದೂ ಸರಿ. ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಜನರ ತೆರಿಗೆ ದುಡ್ಡಿನಲ್ಲಿ ನಡೆಯುವ ಶಾಲೆ. ಇಂಗ್ಲೆಂಡಿನಲ್ಲಿ ಈಟನ್, ಹ್ಯಾರೋ ಥರದ ಹಳೆಯ, ದುಬಾರಿ ಖಾಸಗಿ ಶಾಲೆ. ಈಟನ್ನಿನಲ್ಲಿ ವರ್ಷದ ಫೀಸು 50,000 ಪೌಂಡ್ ದಾಟುತ್ತದೆ. ಸರ್ಕಾರಿ ಶಾಲೆಯನ್ನು ಅಲ್ಲಿ ಸ್ಟೇಟ್ ಸ್ಕೂಲ್ ಅನ್ನುತ್ತಾರೆ.

ಈಗ ದುಬಾರಿಯಾಗಿರುವ ಈಟನ್ ಹುಟ್ಟಿದ್ದು ಬಡವರಿಗಾಗಿ. ಆರನೇ ಹೆನ್ರಿ ದೊರೆ 1440ರಲ್ಲಿ ಅದನ್ನು ಶುರು ಮಾಡಿದ್ದು 70 ಬಡ ಹುಡುಗರು ದುಡ್ಡು ಕೊಡದೆ ಓದಲಿ ಎಂದು. ಆ ಕಾಲದಲ್ಲಿ ದೊಡ್ಡ ಮನೆತನದ ಮಕ್ಕಳಿಗೆ ಮೇಷ್ಟ್ರು ಮನೆಗೇ ಬಂದು ಪಾಠ ಹೇಳುತ್ತಿದ್ದರು. ಅದು ಪ್ರೈವೇಟ್. ಮನೆಯ ಹೊರಗೆ, ಯಾವ ಊರಿನ ಹುಡುಗ ಬಂದರೂ ಸೇರಿಸಿಕೊಳ್ಳುವ ಶಾಲೆ ಪಬ್ಲಿಕ್. ಫೀಸು ಕೊಡುವವರೂ ಸೇರುತ್ತಾ ಹೋದರು, ಶಾಲೆ ಮೆಲ್ಲಗೆ ಸಿರಿವಂತರ ಪಾಲಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. 1868ರಲ್ಲಿ ಇಂಥ ಏಳು ಶಾಲೆಗಳಿಗಾಗಿ ಬಂದ ಕಾನೂನಿನ ಹೆಸರೇ ಪಬ್ಲಿಕ್ ಸ್ಕೂಲ್ಸ್ ಆ್ಯಕ್ಟ್.

ಅಮೆರಿಕದ ಕತೆಯೇ ಬೇರೆ. ಮ್ಯಾಸಚೂಸೆಟ್ಸ್ ರಾಜ್ಯ 1837ರಲ್ಲಿ ಶಿಕ್ಷಣ ಮಂಡಳಿ ಮಾಡಿತು. ಅದರ ಮೊದಲ ಕಾರ್ಯದರ್ಶಿ ಹೊರೇಸ್ ಮ್ಯಾನ್, ಊರಿನ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕು, ಖರ್ಚನ್ನು ಊರೇ ಹೊರಬೇಕು ಎಂದು ವರ್ಷಗಟ್ಟಲೆ ಓಡಾಡಿದರು. ಅಲ್ಲಿ ಪಬ್ಲಿಕ್ ಅನ್ನುವ ಮಾತು ದುಡ್ಡು ಯಾರದು ಅನ್ನುವುದಕ್ಕೆ ಅಂಟಿಕೊಂಡಿತು. ಅಂದ ಹಾಗೆ, ಸ್ಕಾಟ್ಲೆಂಡಿನಲ್ಲೂ 1872ರ ಕಾನೂನಿನ ನಂತರ ಊರ ಮಂಡಳಿಯ ಶಾಲೆಗೆ ಪಬ್ಲಿಕ್ ಸ್ಕೂಲ್ ಅಂತಲೇ ಹೆಸರಿತ್ತು. ಕೆಲವು ಹಳೆಯ ಕಟ್ಟಡಗಳ ಕಲ್ಲಿನ ಮೇಲೆ ಆ ಹೆಸರು ಇನ್ನೂ ಕಾಣುತ್ತದೆ.

ನಮ್ಮಲ್ಲಿ ಎರಡು ಅರ್ಥಗಳೂ ಉಂಟು. ಬೆಂಗಳೂರಿನಲ್ಲಿ ಬೋರ್ಡಿನ ಮೇಲೆ ಪಬ್ಲಿಕ್ ಸ್ಕೂಲ್ ಅಂತಿದ್ದರೆ ಅದು ಸಾಮಾನ್ಯವಾಗಿ ಖಾಸಗಿ. ಆದರೆ ಕರ್ನಾಟಕ ಪಬ್ಲಿಕ್ ಸ್ಕೂಲ್, ಅಂದರೆ ಕೆಪಿಎಸ್, ಪೂರ್ತಿ ಸರ್ಕಾರದ್ದು.

ಮಕ್ಕಳ ಜೊತೆ ಹೊರಡುವವರಿಗೆ ಇದಕ್ಕಿಂತ ಜಾಸ್ತಿ ಗಲಿಬಿಲಿ ಮಾಡುವುದು ತರಗತಿಯ ಸಂಖ್ಯೆ. ಇಂಗ್ಲೆಂಡಿನಲ್ಲಿ ಐದು ತುಂಬಿದ ಮಗು ಇಯರ್ ಒನ್‌ಗೆ ಹೋಗುತ್ತದೆ. ಅದೇ ವಯಸ್ಸಿನ ಮಗು ಅಮೆರಿಕದಲ್ಲಿ ಇನ್ನೂ ಕಿಂಡರ್‌ಗಾರ್ಟನ್. ಹಾಗಾಗಿ ಅಮೆರಿಕದ ಫಿಫ್ತ್ ಗ್ರೇಡಿನ ಹುಡುಗ ಇಂಗ್ಲೆಂಡಿಗೆ ಬಂದರೆ ಇಯರ್ ಸಿಕ್ಸ್. ಇದು ಬಡ್ತಿಯಲ್ಲ, ಎಣಿಕೆ ಬೇರೆ ಅಷ್ಟೇ. ಆರು ತುಂಬಿ ಒಂದನೇ ಕ್ಲಾಸಿಗೆ ಸೇರಿದ ನಮ್ಮ ಮಕ್ಕಳ ಲೆಕ್ಕ ಅಮೆರಿಕದ ಲೆಕ್ಕಕ್ಕೆ ಹತ್ತಿರ.

ಇನ್ನೆರಡು ಮಾತು ನೆನಪಿರಲಿ. ಟ್ಯೂಷನ್ ಅಂದರೆ ನಮಗೆ ಸಂಜೆ ಮೇಷ್ಟ್ರ ಮನೆಯ ಪಾಠ. ಅಮೆರಿಕದ ಕಾಲೇಜು ಟ್ಯೂಷನ್ ಕಟ್ಟಿ ಅಂದರೆ ಫೀಸು ಕಟ್ಟಿ ಅಂತ. ರಿವೈಸ್ ಮಾಡು ಅಂದರೆ ಇಂಗ್ಲೆಂಡಿನಲ್ಲಿ, ನಮ್ಮಲ್ಲಿ ಇರುವಂತೆಯೇ, ಪರೀಕ್ಷೆಗೆ ಇನ್ನೊಮ್ಮೆ ಓದಿಕೋ ಅಂತ. ಅಮೆರಿಕದ ಟೀಚರ್ ಹಾಗೆ ಹೇಳಿದರೆ ಬರೆದದ್ದನ್ನು ತಿದ್ದಿ ಬರೆಯಬೇಕು. ಮಗು ಸುಮ್ನೆ ಓದಿಕೊಂಡು ಹೋದರೆ ಅಂಕ ಹೋಗಬಹುದು ಅಲ್ವಾ?

ಲಂಡನ್ನಿಗೋ ನ್ಯೂಜೆರ್ಸಿಗೋ ಹೊರಟಿದ್ದರೆ, ಶಾಲೆಗೆ ಬರೆಯುವಾಗ ಇಷ್ಟನೇ ಕ್ಲಾಸು ಅಂತ ಮಾತ್ರ ತಿಳಿಸಬೇಡಿ. ಮಗು ಹುಟ್ಟಿದ ತಾರೀಖನ್ನೂ ಬರೆಯಿರಿ. ಇಂಗ್ಲೆಂಡಿನಲ್ಲಿ ಆಗಸ್ಟ್ 31ಕ್ಕೆ ಎಷ್ಟು ವಯಸ್ಸು ತುಂಬಿದೆ ಎಂದು ನೋಡಿಯೇ ಕ್ಲಾಸು ಗೊತ್ತು ಮಾಡುತ್ತಾರೆ.