ಒಣಗಿದ ಕೆರೆ ಅಳಿಸಿದವರಿಗೆ ಏನೆಂದು ಬರೆಯಬೇಕು?

ಏಪ್ರಿಲ್ ತಿಂಗಳಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಕೋಲಾರ, ತುಮಕೂರು ಕಡೆಯ ಎಷ್ಟೋ ಕೆರೆಗಳು ಕೆರೆಗಳಾಗಿ ಕಾಣುವುದೇ ಇಲ್ಲ. ಏರಿ ಇದೆ, ತೂಬಿನ ಹತ್ತಿರ ಒಂದಿಷ್ಟು ಹಸಿರು ಇದೆ, ಉಳಿದದ್ದೆಲ್ಲ ಬೂದು ನೆಲ ಮತ್ತು ಜಾಲಿ. ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೊಸದಾಗಿ ಸೇರಿದವರೊಬ್ಬರು ಆ ಚಿತ್ರವನ್ನು ಹಿನ್ನೆಲೆಗೆ ಹಾಕಿಕೊಂಡು ನೋಡುತ್ತಾರೆ. ನಕ್ಷೆಯಲ್ಲಿ ನೀಲಿ ಕೆರೆ, ಚಿತ್ರದಲ್ಲಿ ಹನಿ ನೀರಿಲ್ಲ. ಯಾರೋ ಹಿಂದೆ ಮಾಡಿದ ತಪ್ಪು ಎಂದುಕೊಂಡು ಅಳಿಸುತ್ತಾರೆ, ಟಿಪ್ಪಣಿಯ ಜಾಗದಲ್ಲಿ "ನಕ್ಷೆ ಸರಿಪಡಿಸಿದೆ" ಎಂದು ಬರೆದು ಉಳಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ನಕ್ಷೆಯಿಂದ ಕೆರೆ ಹೋಗಿರುತ್ತದೆ.

ಉದ್ದೇಶ ಒಳ್ಳೆಯದೇ, ಆದದ್ದು ತಪ್ಪು. ಈ ನಕ್ಷೆಯಲ್ಲಿ ಹೊಸಬರಿಂದ ಆಗುವ ತಪ್ಪುಗಳು ಹೆಚ್ಚಾಗಿ ಇದೇ ಬಗೆಯವು. ಪತ್ರಿಕೆಯಲ್ಲಾದರೆ ಬರಹ ಅಚ್ಚಿಗೆ ಹೋಗುವ ಮೊದಲು ಒಬ್ಬರು ಓದಿ ನೋಡುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಾಗೆ ತಡೆದು ನೋಡುವ ಬಾಗಿಲೇ ಇಲ್ಲ. ಖಾತೆ ತೆರೆದ ಐದನೇ ನಿಮಿಷಕ್ಕೆ ಮಾಡಿದ ತಿದ್ದುಪಡಿಯೂ ಹತ್ತು ವರ್ಷದ ಅನುಭವಿಯ ತಿದ್ದುಪಡಿಯೂ ಒಂದೇ ದಾರಿಯಲ್ಲಿ ನೇರವಾಗಿ ನಕ್ಷೆಗೆ ಹೋಗುತ್ತವೆ. ಹಾಗಾಗಿ ತಿದ್ದುಪಡಿ ಆದ ಮೇಲೆ ಬರುವ ನಾಲ್ಕು ಸಾಲಿನ ಪ್ರತಿಕ್ರಿಯೆಯೇ ಇಲ್ಲಿ ಸಂಪಾದಕನ ಕೆಲಸ ಮಾಡಬೇಕು. ಆದರೆ ಆ ನಾಲ್ಕು ಸಾಲು ಬರೆಯಲು ಒಂದು ಸಾರ್ವಜನಿಕ ಜಾಗ ಸಿಗುವುದಕ್ಕೇ ಯೋಜನೆ ಹತ್ತು ವರ್ಷ ಕಾಯಬೇಕಾಯಿತು.

ಸ್ಟೀವ್ ಕೋಸ್ಟ್ 2004ರಲ್ಲಿ ಬ್ರಿಟನ್‌ನಲ್ಲಿ ಇದನ್ನು ಶುರುಮಾಡಿದಾಗ ನಕ್ಷೆ ಹೆಚ್ಚುಕಡಿಮೆ ಖಾಲಿ ಹಾಳೆ. ಜಿಪಿಎಸ್ ಹಿಡಿದು ಸೈಕಲ್ ಮೇಲೆ ಬೀದಿ ಸುತ್ತಿ ಬಂದವರು ಗೆರೆ ಎಳೆಯುತ್ತಿದ್ದರು. ಇನ್ನೊಬ್ಬರ ಗೆರೆಯ ಮೇಲೆ ಕೈಹಾಕುವ ಸಂದರ್ಭವೇ ಕಡಿಮೆ, ಆದ್ದರಿಂದ ಪ್ರತಿಕ್ರಿಯೆಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆರಂಭದ ವರ್ಷಗಳಲ್ಲಿ ಹೆಸರು ತೋರಿಸದೆ ತಿದ್ದುವುದಕ್ಕೂ ಅವಕಾಶವಿತ್ತು. ಗೆರೆ ಎಳೆದವರು ಯಾರೆಂದೇ ತಿಳಿಯದಿದ್ದರೆ ಯಾರಿಗೆ ಬರೆಯುವುದು?

ತಿರುವು ಬಂದದ್ದು 2009ರ ಏಪ್ರಿಲ್‌ನಲ್ಲಿ. ಆಗ ಜಾರಿಯಾದ ಎಪಿಐ 0.6 (ತಿದ್ದುವ ತಂತ್ರಾಂಶಗಳು ನಕ್ಷೆಯ ದತ್ತಾಂಶದ ಜೊತೆ ಮಾತಾಡುವ ವ್ಯವಸ್ಥೆಯ ಹೊಸ ಆವೃತ್ತಿ) ಎರಡು ದೊಡ್ಡ ಕೆಲಸ ಮಾಡಿತು. ಅನಾಮಧೇಯ ತಿದ್ದುಪಡಿ ನಿಂತಿತು. ಬಿಡಿಬಿಡಿ ಬದಲಾವಣೆಗಳನ್ನು ಒಂದು ಕಟ್ಟಾಗಿ ಕಟ್ಟುವ ಚೇಂಜ್‌ಸೆಟ್ ಬಂತು. ಚೇಂಜ್‌ಸೆಟ್ ಅಂದರೆ ಒಬ್ಬರು ಒಂದು ಸಲ ಕೂತು ಮಾಡಿದ ಕೆಲಸದ ಗಂಟು. ಅದಕ್ಕೊಂದು ಸಂಖ್ಯೆ ಇರುತ್ತದೆ, ಮಾಡಿದವರ ಹೆಸರು ಇರುತ್ತದೆ, ಏನು ಮಾಡಿದೆ ಎಂದು ಬರೆಯಲು 255 ಅಕ್ಷರಗಳ ಮಿತಿಯಲ್ಲಿ ಒಂದು ಟಿಪ್ಪಣಿಯ ಜಾಗ ಇರುತ್ತದೆ. ಒಂದು ಗಂಟೆ ಏನೂ ಸೇರಿಸದಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಏನೇ ಆದರೂ 24 ಗಂಟೆ ಮೀರಿ ತೆರೆದಿರುವುದಿಲ್ಲ. ಮೊದಲು 50,000 ಬದಲಾವಣೆಗಳವರೆಗೆ ಹಿಡಿಸುತ್ತಿದ್ದ ಗಂಟಿನ ಮಿತಿಯನ್ನು ಆಮೇಲೆ 10,000ಕ್ಕೆ ಇಳಿಸಿದರು.

ಹೀಗೆ ಬೆರಳಿಟ್ಟು ತೋರಿಸಲು ಒಂದು ವಸ್ತುವಾಯಿತು, ಮಾತಾಡಲು ಜಾಗ ಮಾತ್ರ ಇರಲಿಲ್ಲ. ಇನ್ನೂ ಐದು ವರ್ಷ ಎಲ್ಲವೂ ಖಾಸಗಿ ಸಂದೇಶದಲ್ಲೇ ನಡೆಯಿತು. ಇದರ ತೊಂದರೆ ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ. ಒಬ್ಬ ಹೊಸಬರು ಹತ್ತು ರಸ್ತೆ ಕೆಡಿಸಿದರೆ ಅದನ್ನು ಗಮನಿಸಿದ ಐದು ಜನ ಪ್ರತ್ಯೇಕವಾಗಿ ಐದು ಸಂದೇಶ ಕಳಿಸುತ್ತಿದ್ದರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹೊಸಬರಿಗೆ ಒಂದೇ ದಿನ ಐದು ಕಡೆಯಿಂದ ಬೈಗುಳ ಬಿದ್ದ ಹಾಗೆ. ಇನ್ನೊಂದು ಕಡೆ, ಎಲ್ಲರೂ "ಯಾರಾದರೂ ಹೇಳಿರಬಹುದು" ಎಂದುಕೊಂಡು ಯಾರೂ ಹೇಳದೆ ಉಳಿದ ತಪ್ಪುಗಳೂ ಇದ್ದವು. ಆ ತಪ್ಪು ಅವರಿಗೆ ಅಭ್ಯಾಸವೇ ಆಗಿಬಿಡುತ್ತಿತ್ತು.

2014ರ ನವೆಂಬರ್‌ನಲ್ಲಿ ಚೇಂಜ್‌ಸೆಟ್ ಪುಟದ ಕೆಳಗೆ ಚರ್ಚೆಯ ಪೆಟ್ಟಿಗೆ ಬಂತು. ಅಲ್ಲಿ ಬರೆದರೆ ತಿದ್ದಿದವರಿಗೆ ಇಮೇಲ್ ಹೋಗುತ್ತದೆ. ಈಗಾಗಲೇ ಆ ಮಾತಿನಲ್ಲಿ ಸೇರಿಕೊಂಡವರಿಗೂ ಹೋಗುತ್ತದೆ. ಲೋಕವೆಲ್ಲ ಓದಬಹುದು. ಒಮ್ಮೆ ಬರೆದದ್ದನ್ನು ಬರೆದವರು ತಿದ್ದಲಾರರು, ಅಳಿಸಲಾರರು. ಈ ಕೊನೆಯ ಮಾತನ್ನು ಪ್ರತಿಕ್ರಿಯೆ ಬರೆಯುವವರು ಸದಾ ನೆನಪಿಡಬೇಕು. ಸಿಟ್ಟಿನಲ್ಲಿ ಬರೆದ ಒಂದು ಸಾಲು ಆ ಹೊಸಬರ ಮೊದಲ ಕೆಲಸದ ಕೆಳಗೆ ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ.

ಅಷ್ಟರೊಳಗೆ ತಿದ್ದುವವರ ಸಂಖ್ಯೆಯೂ ಸ್ವರೂಪವೂ ಬದಲಾಗಿದ್ದವು. ಬ್ರೌಸರಿನಲ್ಲೇ ಸುಲಭವಾಗಿ ತಿದ್ದಬಹುದಾದ ಐಡಿ ಎಡಿಟರ್ 2013ರಲ್ಲಿ ಬಂದಿತ್ತು. 2015ರ ಏಪ್ರಿಲ್‌ನಲ್ಲಿ ನೇಪಾಳ ಭೂಕಂಪವಾದಾಗ, ಕಠ್ಮಂಡುವಿನ ಸ್ಥಳೀಯ ತಂಡದ ಜೊತೆಗೆ ಜಗತ್ತಿನ ಸಾವಿರಾರು ಜನ ಮನೆ, ಕಾಲುದಾರಿ, ಹೆಲಿಕಾಪ್ಟರ್ ಇಳಿಯಬಹುದಾದ ಬಯಲುಗಳನ್ನು ಗುರುತಿಸಲು ಕೂತರು. ಅವರಲ್ಲಿ ಬಹಳ ಜನ ಅದೇ ವಾರ ಖಾತೆ ತೆರೆದವರು. ವಿಪತ್ತಿಗೆ ಸಿಲುಕಿದ ಪ್ರದೇಶಗಳ ನಕ್ಷೆ ಮಾಡುವ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಬಳಸುವ ಟಾಸ್ಕಿಂಗ್ ಮ್ಯಾನೇಜರ್‌ನಲ್ಲಿ ಇದಕ್ಕೆಂದೇ ಒಂದು ಎರಡನೇ ಹಂತವಿದೆ. ಪ್ರದೇಶವನ್ನು ಚೌಕಗಳಾಗಿ ಕತ್ತರಿಸಿ ಹಂಚುತ್ತಾರೆ. ಒಬ್ಬರು ಬರೆದು ಮುಗಿಸಿದ ಚೌಕವನ್ನು ಅನುಭವವಿರುವ ಇನ್ನೊಬ್ಬರು ನೋಡಿ ಒಪ್ಪುತ್ತಾರೆ, ಇಲ್ಲವೇ ಕಾರಣ ಬರೆದು ಹಿಂದಿರುಗಿಸುತ್ತಾರೆ. ಕಾರಣ ಬರೆಯದೆ ಹಿಂದಿರುಗಿಸಿದ ಚೌಕದಿಂದ ಯಾರೂ ಏನೂ ಕಲಿಯುವುದಿಲ್ಲ, ಇನ್ನೊಬ್ಬರು ಬಂದು ಅದೇ ತಪ್ಪನ್ನು ಮಾಡುತ್ತಾರೆ.

2017ರಲ್ಲಿ ಐಡಿ ಎಡಿಟರ್ ಉಳಿಸುವ ಪರದೆಯಲ್ಲಿ ಒಂದು ಚಿಕ್ಕ ಚೌಕ ಸೇರಿಸಿತು: ನನ್ನ ತಿದ್ದುಪಡಿಯನ್ನು ಯಾರಾದರೂ ಪರಿಶೀಲಿಸಲಿ ಎಂದು ಗುರುತು ಹಾಕುವುದಕ್ಕೆ. ಇದು ತಾವೇ ಮುಂದೆ ಬಂದು "ನೋಡಿ ಹೇಳಿ" ಎಂದು ಕೇಳುವವರ ಗುರುತು. ಸಮಯ ಕಡಿಮೆ ಇರುವವರು ಮೊದಲು ಉತ್ತರಿಸಬೇಕಾದದ್ದು ಇವಕ್ಕೇ. ಒಎಸ್ಎಂಚಾ ಎಂಬ ಪರಿಶೀಲನಾ ತಾಣದಲ್ಲಿ ಈ ಗುರುತಿರುವ ಚೇಂಜ್‌ಸೆಟ್‌ಗಳನ್ನು ಮಾತ್ರ, ನಮ್ಮ ತಾಲ್ಲೂಕಿನ ಮಿತಿಯೊಳಗೆ ಸೋಸಿ ನೋಡಬಹುದು. ಅಳಿಸಿದ್ದು, ಸೇರಿಸಿದ್ದು, ಬದಲಿಸಿದ್ದು ಬೇರೆಬೇರೆ ಬಣ್ಣದಲ್ಲಿ ಕಾಣುತ್ತವೆ. ತಪ್ಪು ಸಿಗದಿದ್ದರೂ "ನೋಡಿದೆ, ಚೆನ್ನಾಗಿದೆ" ಎಂದು ಒಂದು ಸಾಲು ಬರೆಯಿರಿ. ಕೇಳಿದವರಿಗೆ ಉತ್ತರ ಕೊಡದಿರುವುದು ಸರಿಯಲ್ಲ.

ಪರಿಶೀಲನೆ ಅಂದಕೂಡಲೇ ಜನ ಕಿಡಿಗೇಡಿಗಳನ್ನು ನೆನೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಒಬ್ಬರು ನ್ಯೂಯಾರ್ಕ್ ನಗರದ ಹೆಸರನ್ನು ಯಹೂದಿದ್ವೇಷದ ಪದಕ್ಕೆ ಬದಲಿಸಿದರು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದು ಬಹಳ ಬೇಗ ಸರಿಯಾಯಿತು. ಆದರೆ ಈ ದತ್ತಾಂಶ ಬಳಸುವ ಮ್ಯಾಪ್‌ಬಾಕ್ಸ್‌ನ ನಕ್ಷೆಯಲ್ಲಿ ಅದು ನುಸುಳಿ, ಆಗಸ್ಟ್ 30ರಂದು ಸ್ನ್ಯಾಪ್‌ಚಾಟ್ ಮುಂತಾದ ಆಪ್‌ಗಳಲ್ಲಿ ಕಾಣಿಸಿತು. ಅನುಮಾನದ ಗುರುತು ಬಿದ್ದಿದ್ದರೂ ಮನುಷ್ಯರು ನೋಡುವ ಹಂತದಲ್ಲಿ ತಪ್ಪಿಹೋಗಿತ್ತು. ಇಂಥದ್ದಕ್ಕೆ ಪ್ರತಿಕ್ರಿಯೆಯ ಸೌಜನ್ಯ ಬೇಕಿಲ್ಲ, ಹಿಂದಕ್ಕೆ ತಿರುಗಿಸಿ ದೂರು ಕೊಟ್ಟರೆ ಸಾಕು. ಕಷ್ಟ ಇರುವುದು ಒಳ್ಳೆಯ ಮನಸ್ಸಿನಿಂದ ಕೆರೆ ಅಳಿಸಿದವರ ಹತ್ತಿರ ಮಾತಾಡುವುದರಲ್ಲಿ. ಅವರಿಗೆ ಹೀಗೆ ಬರೆಯಬಹುದು:

"ನಮಸ್ಕಾರ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸ್ವಾಗತ. ಊರಿನ ಪೂರ್ವಕ್ಕಿದ್ದ ಕೆರೆಯನ್ನು ಅಳಿಸಿದ್ದೀರಿ. ಅಲ್ಲಿಗೆ ಹೋಗಿ ನೋಡಿದ್ದಿರಾ, ಅಥವಾ ಉಪಗ್ರಹ ಚಿತ್ರ ನೋಡಿ ಮಾಡಿದ್ದಾ? ಚಿತ್ರ ಬೇಸಿಗೆಯದ್ದು ಅನ್ನಿಸುತ್ತದೆ, ಏರಿ ಮತ್ತು ಕೋಡಿ ಇನ್ನೂ ಕಾಣುತ್ತಿವೆ. ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಕೆರೆಗೆ ಇಂಟರ್‌ಮಿಟೆಂಟ್=ಯೆಸ್ ಎಂಬ ಟ್ಯಾಗ್ (ವಸ್ತುವಿನ ಗುಣ ಹೇಳುವ ಚೀಟಿ) ಇದೆ. ಕೆರೆ ಮುಚ್ಚಿ ಲೇಔಟ್ ಆಗಿದ್ದರೆ ತಿಳಿಸಿ, ಹಾಗೇ ಬಿಡೋಣ. ಇಲ್ಲವಾದರೆ ವಾಪಸ್ ತರುವುದು ಹೇಗೆಂದು ತಿಳಿಸುತ್ತೇನೆ."

ಇಲ್ಲಿ ಮೊದಲು ಯಾವ ಕೆರೆ ಎಂದು ಹೇಳಿದೆ. ಐವತ್ತು ಬದಲಾವಣೆ ಮಾಡಿದವರಿಗೆ "ನಿಮ್ಮ ತಿದ್ದುಪಡಿ ತಪ್ಪು" ಎಂದರೆ ಯಾವುದೆಂದು ತಿಳಿಯುವುದಿಲ್ಲ, ಆ ವಸ್ತುವಿನ ಕೊಂಡಿಯನ್ನೂ ಜೊತೆಗೆ ಹಾಕಬೇಕು. ಆಮೇಲೆ ಮೂಲ ಕೇಳಿದೆ. ಇದು ಬರೀ ಮರ್ಯಾದೆಯ ಮಾತಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ನಾಡಿದು. ಅಳಿಸಿದವರು ಆ ಊರಿನವರೇ ಆಗಿದ್ದು, ಅವರ ಮಾತೇ ನಿಜವಾಗಿರಬಹುದು. ದೂರದಲ್ಲಿ ಕೂತು ಚಿತ್ರ ನೋಡಿದ ಅನುಭವಿಗಿಂತ ಸ್ಥಳದಲ್ಲಿರುವ ಹೊಸಬರಿಗೆ ಹೆಚ್ಚು ತೂಕ ಎಂಬುದು ಈ ನಕ್ಷೆಯ ಹಳೆಯ ನಿಯಮ. ಕೊನೆಗೆ, ಸರಿಯಾದ ದಾರಿ ಯಾವುದೆಂದು ಒಂದೇ ಒಂದು ಟ್ಯಾಗ್ ಹೇಳಿದೆ. ಒಂದೇ ಉಸಿರಿಗೆ ಏಳು ತಪ್ಪು ಪಟ್ಟಿಮಾಡಿದರೆ ಓದಿದವರು ಖಾತೆ ಮುಚ್ಚಿ ಹೋಗುತ್ತಾರೆ. ಉಳಿದ ಸಣ್ಣಪುಟ್ಟವನ್ನು ನೀವೇ ಸದ್ದಿಲ್ಲದೆ ಸರಿಪಡಿಸಿ.

ಬರೆಯುವ ಮೊದಲು ಚೇಂಜ್‌ಸೆಟ್‌ನ ಟ್ಯಾಗ್‌ಗಳನ್ನು ಓದಿ. ಯಾವ ಎಡಿಟರ್, ಯಾವ ಉಪಗ್ರಹ ಚಿತ್ರ, ಇದು ಅವರ ಎಷ್ಟನೇ ಚೇಂಜ್‌ಸೆಟ್, ಪರದೆಯ ಭಾಷೆ ಯಾವುದು, ಎಲ್ಲವೂ ಐಡಿಯಿಂದ ಬಂದವುಗಳಲ್ಲಿ ಸಿಗುತ್ತವೆ. 2019ರಿಂದೀಚೆಗೆ, ಉಳಿಸುವಾಗ ಎಷ್ಟು ಎಚ್ಚರಿಕೆಗಳನ್ನು ಹಾಗೇ ಬಿಟ್ಟರು ಎಂಬುದೂ ದಾಖಲಾಗುತ್ತದೆ. ಮನೆಯ ಮೇಲೆ ಹಾದುಹೋದ ರಸ್ತೆಯ ಎಚ್ಚರಿಕೆ ಅಲ್ಲಿದ್ದರೆ ಅದರ ಅರ್ಥ ಅವರಿಗೆ ಆಗಿಲ್ಲ ಎಂದು ತಿಳಿದು ವಿವರಿಸಬೇಕು. ಪರದೆಯ ಭಾಷೆ ಇಂಗ್ಲಿಷ್ ಎಂದಿದ್ದರೂ ಕನ್ನಡಿಗರಲ್ಲ ಎಂದೇನೂ ಅಲ್ಲ, ನಮ್ಮಲ್ಲಿ ಮೊಬೈಲನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುವವರು ಬಹಳ. ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು ಹಾಕುವುದು ಒಳ್ಳೆಯ ರೂಢಿ.

ಕೆಲವು ತಪ್ಪುಗಳಿಗೆ ಕಾರಣ ಮನುಷ್ಯರಿಗಿಂತ ಸಲಕರಣೆ. ಮ್ಯಾಪ್ಸ್.ಮಿ ಆಪ್ 2016ರಲ್ಲಿ ತಿದ್ದುವ ಸೌಲಭ್ಯ ಕೊಟ್ಟಾಗ, ತಮಗಾಗಿ ಗುರುತು ಹಾಕಿಕೊಳ್ಳುತ್ತಿದ್ದೇವೆ ಎಂದುಕೊಂಡು "ನನ್ನ ಮನೆ" ಎಂಬ ಜಾಗಗಳನ್ನು ಎಲ್ಲರ ನಕ್ಷೆಗೆ ಸೇರಿಸಿದವರಿದ್ದರು. ಇನ್ನು, ಬೆಂಗಳೂರಿನಲ್ಲಿ ಒಂದು ಅಂಗಡಿ ಸೇರಿಸಿ, ಉಳಿಸದೆ, ಕಲಬುರಗಿಯಲ್ಲಿ ಒಂದು ಗುಡಿ ಸೇರಿಸಿ ಒಟ್ಟಿಗೆ ಉಳಿಸಿದರೆ ಚೇಂಜ್‌ಸೆಟ್‌ನ ಚೌಕಟ್ಟು ಅರ್ಧ ರಾಜ್ಯವನ್ನು ಆವರಿಸುತ್ತದೆ. ನಡುವಿನ ಪ್ರತಿ ಜಿಲ್ಲೆಯನ್ನು ಗಮನಿಸುವವರ ಪಟ್ಟಿಯಲ್ಲೂ ಅದು ಕಾಣುತ್ತದೆ. ಒಂದೊಂದು ಊರಿಗೆ ಒಮ್ಮೆ ಉಳಿಸಿ ಎಂದು ಹೇಳಿದರೆ ಸಾಕು. ಕಟ್ಟಡಗಳೆಲ್ಲ ಒಂದೇ ದಿಕ್ಕಿಗೆ ನಾಲ್ಕಾರು ಮೀಟರ್ ಸರಿದಿದ್ದರೆ ಉಪಗ್ರಹ ಚಿತ್ರವೇ ಸರಿದಿದೆ ಎಂದರ್ಥ. ಮೊದಲು ಜಿಪಿಎಸ್ ಜಾಡುಗಳಿಗೆ ಹೊಂದಿಸಿಕೊಳ್ಳಲು ತಿಳಿಸಬೇಕು.

ಗೂಗಲ್ ನಕ್ಷೆಯಿಂದ ಎತ್ತಿದ್ದು ಅನ್ನಿಸಿದರೆ ಮಾತ್ರ ತಡಮಾಡುವಂತಿಲ್ಲ. ಅದು ಪರವಾನಗಿಯ ಪ್ರಶ್ನೆ, ಹಳೆಯ ಆವೃತ್ತಿಗಳನ್ನೂ ಮರೆಮಾಡಬೇಕಾಗುತ್ತದೆ. ಆಗಲೂ ಮೊದಲ ಸಾಲು "ಈ ಹೆಸರುಗಳು ನಿಮಗೆ ಎಲ್ಲಿ ಸಿಕ್ಕವು?" ಎಂದೇ ಇರಲಿ. ಬೋರ್ಡ್ ನೋಡಿ ಬರೆದವರನ್ನು ಕಳ್ಳರೆಂದು ಕರೆದರೆ ಅವರು ಮತ್ತೆ ಬರುವುದಿಲ್ಲ.

ಹೆಸರಿನ ಜಗಳ ಬೇರೆಯದೇ ಜಾತಿ. ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಹಳೆಯ ಹೆಸರನ್ನು ಯಾರಾದರೂ ವಾಪಸ್ ಹಾಕಿದರೆ ತಳ್ಳಾಟಕ್ಕೆ ಇಳಿಯಬೇಕಿಲ್ಲ, ಪ್ರತಿ ಹೆಸರಿಗೂ ಜಾಗವಿದೆ. ಬೆಳಗಾವಿಯ ಹೆಸರಿನ ಟ್ಯಾಗ್‌ಗಳಲ್ಲಿ ಕನ್ನಡ ರೂಪ ನೇಮ್:ಕೆಎನ್‌ನಲ್ಲಿ, ಮರಾಠಿ ರೂಪ ನೇಮ್:ಎಂಆರ್‌ನಲ್ಲಿ, ಬೆಲ್ಗಾಮ್ ಎಂಬುದು ಓಲ್ಡ್_ನೇಮ್‌ನಲ್ಲಿ. ಗುಡಿಯ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ಜಾಗಕ್ಕೆ ತುಂಬುವ ಹೊಸಬರಿಗೂ ಇದೇ ಉತ್ತರ. ಕನ್ನಡ ಬೇಡವೆಂದಲ್ಲ, ಕನ್ನಡಕ್ಕೆ ತನ್ನದೇ ಮನೆ ಇದೆ ಎಂದು ಬಿಡಿಸಿ ಹೇಳಿದರೆ ಅವರೇ ಮುಂದೆ ಊರಿಗೆಲ್ಲ ಕನ್ನಡ ಹೆಸರು ಸೇರಿಸುವವರಾಗಬಹುದು.

ಉತ್ತರ ಬರದಿದ್ದರೆ? ಒಂದು ವಾರ ಕಾಯುವುದು ನ್ಯಾಯ. ಹೆದ್ದಾರಿ ತುಂಡಾಗಿದ್ದರೆ ಕಾಯಬಾರದು, ಆಗಲೇ ಜೋಡಿಸಿ, ಆಮೇಲೆ ಬರೆಯಬೇಕು. ಕೆರೆಯನ್ನು ವಾಪಸ್ ತರುವಾಗ ಹೊಸದಾಗಿ ಗೆರೆ ಎಳೆಯಬೇಡಿ. ಹೊಸ ಗೆರೆಗೆ ಹೊಸ ಸಂಖ್ಯೆ ಬರುತ್ತದೆ, ಹಳೆಯ ಇತಿಹಾಸ ಅಲ್ಲಿಗೆ ಕಡಿದುಹೋಗುತ್ತದೆ. ಜೆಒಎಸ್ಎಂ ಎಡಿಟರ್‌ನ ರಿವರ್ಟರ್ ಪ್ಲಗಿನ್ (ತಿದ್ದುಪಡಿಯನ್ನು ಹಿಂದಕ್ಕೆ ತಿರುಗಿಸುವ ಸಲಕರಣೆ) ಬಳಸಿದರೆ, ಏಳನೇ ಆವೃತ್ತಿಯಲ್ಲಿ ಅಳಿದ ಕೆರೆ ಅದೇ ಸಂಖ್ಯೆಯಲ್ಲಿ ಎಂಟನೆಯದಾಗಿ ಮರಳುತ್ತದೆ. ಇಡೀ ಚೇಂಜ್‌ಸೆಟ್ ತಿರುಗಿಸದೆ ಕೆರೆಯನ್ನು ಮಾತ್ರ ಆರಿಸಿಕೊಳ್ಳಿ, ಅದೇ ಗಂಟಿನಲ್ಲಿ ಅವರು ಸೇರಿಸಿದ ಶಾಲೆ ಸರಿಯಾಗಿಯೇ ಇರಬಹುದು. ಟಿಪ್ಪಣಿಯಲ್ಲಿ ಯಾವ ಚೇಂಜ್‌ಸೆಟ್‌ನದು ಎಂಬ ಸಂಖ್ಯೆಯನ್ನೂ ಕಾರಣವನ್ನೂ ಬರೆದು, ಮೂಲ ಚರ್ಚೆಯಲ್ಲಿ ಹೀಗೆ ಮಾಡಿದ್ದೇನೆ ಎಂದು ತಿಳಿಸಿ.

ಅದೇ ತಪ್ಪು ಮತ್ತೆಮತ್ತೆ ನಡೆದು, ನಾಲ್ಕೈದು ಪ್ರಶ್ನೆಗೂ ಉತ್ತರವಿಲ್ಲದಿದ್ದರೆ, ಇಂಥ ದೂರುಗಳನ್ನು ವಿಚಾರಿಸುವ ತಂಡವಾದ ಡೇಟಾ ವರ್ಕಿಂಗ್ ಗ್ರೂಪ್‌ಗೆ ಬರೆಯಬಹುದು. ಅವರು ಮೊದಲು ನೋಡುವುದೇ ಚರ್ಚೆಯ ಪುಟಗಳನ್ನು: ಯಾರಾದರೂ ತಿಳಿಸಿ ಹೇಳಿದ್ದಾರಾ, ಯಾವ ಧ್ವನಿಯಲ್ಲಿ? ಅವರ ಹತ್ತಿರ ಸೊನ್ನೆ ಗಂಟೆಯ ತಡೆ ಎಂಬ ಒಂದು ಉಪಾಯವಿದೆ. ಶಿಕ್ಷೆಯ ಅವಧಿ ಏನೂ ಇಲ್ಲ, ತಾಣಕ್ಕೆ ಲಾಗಿನ್ ಆಗಿ ಸಂದೇಶ ಓದುವ ತನಕ ಮುಂದಿನ ತಿದ್ದುಪಡಿ ಉಳಿಯುವುದಿಲ್ಲ, ಅಷ್ಟೇ. ಎಷ್ಟೋ ಖಾತೆಗಳಿಂದ ಮೊದಲ ಉತ್ತರ ಬರುವುದು ಆಗಲೇ. ನೋಂದಣಿಗೆಂದು ಕೊಟ್ಟ ಹಳೆಯ ಇಮೇಲನ್ನು ಅವರು ತೆರೆದು ನೋಡಿಯೇ ಇರುವುದಿಲ್ಲ, ಪ್ರಶ್ನೆಗಳೆಲ್ಲ ಅಲ್ಲಿ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತವೆ.